ಒಂದು ಗಾಥೆಯಲ್ಲಿ ಅಡಗಿದ ಇಪ್ಪತ್ತೊಂಬತ್ತು ಅಂಕಗಳು

ಹಾಸನ ಜಿಲ್ಲೆಯ ಪೂರ್ವಭಾಗದಲ್ಲಿ ಶ್ರವಣಬೆಳಗೊಳದ ಬೋಳು ಬಂಡೆಗಳಿವೆ. ಪಶ್ಚಿಮದಲ್ಲಿ ಆಲೂರು, ಸಕಲೇಶಪುರಗಳ ಹಸುರು ಗುಡ್ಡಗಳಿವೆ. ಒಂದೆಡೆ ಶಾಸ್ತ್ರ ಬೆಳೆಯಿತು. ಇನ್ನೊಂದೆಡೆ ಕಾಫಿ, ಏಲಕ್ಕಿ, ಕಾಳುಮೆಣಸು ಬೆಳೆಯುತ್ತವೆ. ಒಂದೆಡೆಯವರು ಜೀವರಾಶಿಯನ್ನು ಎಣಿಸಿದರು. ಇನ್ನೊಂದೆಡೆಯವರು ಚೀಲಗಳನ್ನು ಎಣಿಸುತ್ತಾರೆ. ಮೇಲುನೋಟಕ್ಕೆ ಈ ಎರಡು ಎಣಿಕೆಗಳಿಗೆ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಎಣಿಸುವವನಿಗೆ ಇರಬೇಕಾದ ಶೀಲ ಎರಡು ಕಡೆಯೂ ಒಂದೇ. ಇದ್ದದ್ದನ್ನು ಇದ್ದಷ್ಟೇ ಹೇಳಬೇಕು. ಹೇಳಿದ್ದನ್ನು ಮತ್ತೊಬ್ಬನು ತಾಳೆ ನೋಡಲು ಅವಕಾಶವಿರಬೇಕು. ಈ ಶೀಲಕ್ಕೆ ಸಾಕ್ಷಿಯಾಗಿ ನಿಲ್ಲುವ ಒಂದು ಮಹಾಸಂಖ್ಯೆ ಶ್ರವಣಬೆಳಗೊಳದ ಪರಂಪರೆಯಲ್ಲಿಯೇ ಇದೆ. ಸಾವಿರ ವರ್ಷಗಳಿಂದ ಅದು ಒಂದು ಪ್ರಾಕೃತ ಗಾಥೆಯಲ್ಲಿ ಅಡಗಿ ಕುಳಿತಿದೆ. ಅದರ ಹಿರಿಮೆಯನ್ನು ಹೊಗಳುವವರು ಅನೇಕರು. ಅದನ್ನು ಬಿಡಿಸಿ, ಕೂಡಿ, ಭಾಗಿಸಿ ನೋಡಿದವರು ಕಡಿಮೆ. ಈ ಲೇಖನದ ಉದ್ದೇಶ ಎರಡನೆಯದು.

ಸಂಖ್ಯೆಯ ಮೂಲ

ಗಂಗರಾಜ್ಯದ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನ ಹೆಸರು ಕನ್ನಡಿಗರಿಗೆ ಸುಪರಿಚಿತ. ಕ್ರಿ.ಶ. 978ರಲ್ಲಿ ಅವನು ರಚಿಸಿದ 'ಚಾವುಂಡರಾಯ ಪುರಾಣ' ಕನ್ನಡದ ಹಳೆಯ ಗದ್ಯಕೃತಿಗಳಲ್ಲಿ ಒಂದು. ಇಂದ್ರಗಿರಿಯ ಮೇಲೆ ಗೊಮ್ಮಟಮೂರ್ತಿಯನ್ನು ಮಾಡಿಸಿದವನೂ ಅವನೇ. ಅವನು ಗುರುವೆಂದು ಗೌರವಿಸಿದ ಆಚಾರ್ಯರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಷಟ್ಖಂಡಾಗಮ ಮತ್ತು ಅದರ ಧವಳಾ ಟೀಕೆಯ ವಿಸ್ತಾರವಾದ ವಿಷಯವನ್ನು ಅವರು 'ಗೊಮ್ಮಟಸಾರ'ವೆಂಬ ಪ್ರಾಕೃತ ಗ್ರಂಥದಲ್ಲಿ ಸಂಗ್ರಹಿಸಿದರು. ಗೊಮ್ಮಟನೆಂಬುದು ಚಾವುಂಡರಾಯನ ಇನ್ನೊಂದು ಹೆಸರಾದ್ದರಿಂದ ಗ್ರಂಥಕ್ಕೆ ಆ ಹೆಸರು ಬಂದಿತು. ಇದರ ಮೊದಲ ಭಾಗ ಜೀವಕಾಂಡ, ಎರಡನೆಯದು ಕರ್ಮಕಾಂಡ.

ಜೀವಕಾಂಡದಲ್ಲಿ ಗತಿಗಳ ವಿಚಾರ ಬರುವಲ್ಲಿ ಆಯಾ ಗತಿಯ ಜೀವರ ಸಂಖ್ಯೆಯೂ ಬರುತ್ತದೆ. ಅಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಆಚಾರ್ಯರು ಒಂದೇ ಗಾಥೆಯಲ್ಲಿ ಹೇಳಿಬಿಟ್ಟಿದ್ದಾರೆ. ಅಂಕಗಳಲ್ಲಿ ಬರೆದರೆ ಅದು ಹೀಗಿದೆ:

79,22,81,62,51,42,64,33,75,93,54,39,50,336.

ಒಟ್ಟು 29 ಸ್ಥಾನಗಳು. ಇದು ಕಣ್ಣುಮುಚ್ಚಿ ಬರೆದ ದೊಡ್ಡ ಸಂಖ್ಯೆಯಲ್ಲ. ಇದಕ್ಕೊಂದು ಹುಟ್ಟಿನ ಕ್ರಮವಿದೆ. ಎರಡನ್ನು ಎರಡರಿಂದ ಗುಣಿಸಿದರೆ 4. ಇದು ಮೊದಲನೆಯ ವರ್ಗ. ಅದರ ವರ್ಗ 16, ಎರಡನೆಯದು. ಮೂರನೆಯದು 256. ನಾಲ್ಕನೆಯದು 65,536. ಐದನೆಯದು 4,29,49,67,296. ಆರನೆಯದು 1,84,46,74,40,73,70,95,51,616. ಐದನೆಯ ವರ್ಗವನ್ನೂ ಆರನೆಯ ವರ್ಗವನ್ನೂ ಒಂದಕ್ಕೊಂದು ಗುಣಿಸಿದರೆ ಬರುವುದೇ ಮೇಲಿನ 29 ಸ್ಥಾನಗಳ ಸಂಖ್ಯೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಖ್ಯೆ ಒಂದು ಪಂಥಕ್ಕೆ ಸೇರಿದ್ದಲ್ಲ. ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರವೂ ಮನುಷ್ಯರ ಸಂಖ್ಯೆಯನ್ನು ಹೇಳುವಾಗ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದ ರಾಶಿಯೆಂದು ಹೇಳುತ್ತದೆ; 96 ಬಾರಿ ಅರ್ಧಿಸಬಹುದಾದ ರಾಶಿಯೆಂದೂ, 29 ಸ್ಥಾನಗಳ ರಾಶಿಯೆಂದೂ ಹೇಳುತ್ತದೆ. ಅನೇಕ ವಿಷಯಗಳಲ್ಲಿ ಬೇರೆ ಬೇರೆ ದಾರಿ ಹಿಡಿದ ಎರಡು ಪರಂಪರೆಗಳು ಒಂದು ಗುಣಾಕಾರದಲ್ಲಿ ಒಂದಾಗಿ ನಿಂತಿವೆ.

ಅರ್ಧಚ್ಛೇದದ ಲೆಕ್ಕ

96 ಬಾರಿ ಅರ್ಧಿಸುವುದು ಎಂದರೇನು? ಒಂದು ರಾಶಿಯನ್ನು ಎರಡು ಸಮಭಾಗ ಮಾಡಿ ಒಂದನ್ನು ಬಿಡುವುದು; ಉಳಿದುದನ್ನು ಮತ್ತೆ ಎರಡು ಭಾಗ ಮಾಡುವುದು; ಕೊನೆಗೆ ಒಂದು ಉಳಿಯುವವರೆಗೆ ಹೀಗೆ ಸಾಗುವುದು. ಎಷ್ಟು ಬಾರಿ ಭಾಗಿಸಿದೆವೋ ಅದು ಆ ರಾಶಿಯ 'ಅರ್ಧಚ್ಛೇದ'. 16ರ ಅರ್ಧಚ್ಛೇದ 4, 256ರದು 8, ಐದನೆಯ ವರ್ಗದ್ದು 32, ಆರನೆಯ ವರ್ಗದ್ದು 64. ಕ್ರಿ.ಶ. 816ರಲ್ಲಿ ಮುಗಿದ ಧವಳಾ ಟೀಕೆಯಲ್ಲಿ ವೀರಸೇನಾಚಾರ್ಯರು ಈ ಅರ್ಧಚ್ಛೇದವನ್ನು ಧಾರಾಳವಾಗಿ ಬಳಸಿದ್ದಾರೆ. ಮೂರರಿಂದ ಭಾಗಿಸುವ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಅಲ್ಲಿವೆ.

ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬುದು ಇದರ ಮುಖ್ಯ ನಿಯಮ. 32ಕ್ಕೆ 64ನ್ನು ಕೂಡಿದರೆ 96. ಹತ್ತು ಸ್ಥಾನಗಳ ಸಂಖ್ಯೆಯನ್ನು ಇಪ್ಪತ್ತು ಸ್ಥಾನಗಳ ಸಂಖ್ಯೆಯಿಂದ ಗುಣಿಸುವ ಶ್ರಮದ ಫಲ ಎರಡು ಸಣ್ಣ ಸಂಖ್ಯೆಗಳ ಸಂಕಲನದಲ್ಲಿ ತಿಳಿದುಹೋಗುತ್ತದೆ. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಈ ತತ್ತ್ವವೇ ಯುರೋಪಿನಲ್ಲಿ 1614ರಲ್ಲಿ ನೇಪಿಯರ್ ಪ್ರಕಟಿಸಿದ ಲಾಗರಿದಮ್ ಕೋಷ್ಟಕಗಳ ಬೆನ್ನೆಲುಬು. ಹಾಗೆಂದು ನೇಪಿಯರನ ಕೆಲಸವೆಲ್ಲ ಧವಳಾದಲ್ಲಿ ಮೊದಲೇ ಇತ್ತೆಂದು ಸಾರುವುದು ಸತ್ಯಕ್ಕೆ ಅಪಚಾರ. ಅವನು ಯಾವ ಸಂಖ್ಯೆಗೂ ಅನ್ವಯಿಸುವಂತೆ ಸೂಕ್ಷ್ಮ ಕೋಷ್ಟಕಗಳನ್ನು ಕಟ್ಟಿದನು. ಅರ್ಧಚ್ಛೇದವು ಎರಡೆರಡಾಗಿ ಪೂರ್ತಿ ಒಡೆಯುವ ರಾಶಿಗಳಿಗೆ ಹೇಳಿದ್ದು. ನಿಯಮ ಒಂದೇ, ವ್ಯಾಪ್ತಿ ಬೇರೆ. ಇಷ್ಟನ್ನು ಹೇಳಿದರೆ ವೀರಸೇನಾಚಾರ್ಯರ ಗೌರವಕ್ಕೆ ಕುಂದಿಲ್ಲ. ಹೆಚ್ಚು ಹೇಳಿದರೆ ಇದೆ.

ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ಧವಳಾದ ತಾಳೆಗರಿಗಳ ಪಾಠ 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಯಿತು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅವರು 1942ರ ಸಂಪುಟಕ್ಕೆ ಧವಳಾದ ಗಣಿತವನ್ನು ಕುರಿತು ಬರೆದ ಲೇಖನದಿಂದ ಈ ವಿಷಯ ಹೊರಗಿನ ವಿದ್ವಾಂಸರ ಗಮನಕ್ಕೆ ಬಂದಿತು. ಗರಿಗಳನ್ನು ಕಾಪಾಡಿದವರಿಗೆ ಅದರೊಳಗಿನ ಗಣಿತವೆಲ್ಲ ತಿಳಿದಿರಬೇಕೆಂದಿಲ್ಲ. ಆದರೂ ಅವರು ಕಾಪಾಡಿದರು.

ಅಕ್ಷರಗಳ ಬೀಗ

29 ಅಂಕಗಳನ್ನು ಶ್ಲೋಕದಲ್ಲಿ ಹೇಳುವುದು ಹೇಗೆ? ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಈ ಸಂಖ್ಯೆ ಆ ಪಟ್ಟಿಯನ್ನೂ ಮೀರಿ ಐದು ಸ್ಥಾನ ಮುಂದೆ ಹೋಗುತ್ತದೆ. ನೇಮಿಚಂದ್ರರು ಸ್ಥಾನನಾಮಗಳ ಗೊಡವೆಗೆ ಹೋಗದೆ ಅಕ್ಷರಗಳಿಂದಲೇ ಅಂಕಗಳನ್ನು ಸೂಚಿಸಿದರು.

ಇದು ಕಟಪಯಾದಿ ಕ್ರಮ. 'ಕ'ದಿಂದ 'ಝ'ದವರೆಗೆ ಒಂದರಿಂದ ಒಂಬತ್ತು. 'ಟ'ದಿಂದ 'ಧ'ದವರೆಗೆ ಮತ್ತೆ ಒಂದರಿಂದ ಒಂಬತ್ತು. 'ಪ'ದಿಂದ 'ಮ'ದವರೆಗೆ ಒಂದರಿಂದ ಐದು. 'ಯ'ದಿಂದ 'ಹ'ದವರೆಗೆ ಒಂದರಿಂದ ಎಂಟು. 'ನ' ಮತ್ತು 'ಞ' ಸೊನ್ನೆ. ಸ್ವರಕ್ಕೆ ಬೆಲೆಯಿಲ್ಲ. ಮೊದಲ ಅಕ್ಷರ ಬಿಡಿಸ್ಥಾನ, ಎರಡನೆಯದು ಹತ್ತರ ಸ್ಥಾನ. ಹೀಗೆ ಅಂಕಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಮೇಚಕಲ್ಯಾಣಿಯ 'ಮೇ' ಐದು, 'ಚ' ಆರು. ತಿರುಗಿಸಿ ಓದಿದರೆ 65ನೆಯ ಮೇಳ. ಮಾಯಾಮಾಳವಗೌಳದ 'ಮಾ' ಐದು, 'ಯಾ' ಒಂದು; ಅದು 15ನೆಯ ಮೇಳ.

ಗಾಥೆಯ ಮೊದಲ ಮೂರು ಅಕ್ಷರಗಳಲ್ಲಿ 'ತ' ಆರು, 'ಲ' ಮೂರು, ಮತ್ತೆ 'ಲ' ಮೂರು. ಸಂಖ್ಯೆಯ ಕೊನೆಯ ಮೂರು ಅಂಕಗಳು 336. ಅಂಕಸೂಚಕ ಭಾಗದ ಕೊನೆಯ ಅಕ್ಷರಗಳು 'ಝ', 'ಸ', ಒಂಬತ್ತು, ಏಳು, ಸಂಖ್ಯೆಯ ಆರಂಭ 79. ನಡುವಿನ ಅಕ್ಷರಗಳನ್ನೂ ಒಂದೊಂದಾಗಿ ಬಿಡಿಸಿದರೆ 29 ಅಕ್ಷರಗಳಿಗೆ 29 ಅಂಕಗಳು ಸಿಗುತ್ತವೆ. ಈ ಸಂಖ್ಯೆಯಲ್ಲಿ ಸೊನ್ನೆ ಒಂದೇ ಒಂದು ಸಲ ಬರುತ್ತದೆ. ಗಾಥೆಯಲ್ಲಿ 'ನ' ಅಕ್ಷರವೂ ಆ ಭಾಗದಲ್ಲಿ ಒಂದೇ ಸಲ ಬರುತ್ತದೆ.

ಇಲ್ಲಿ ಎಚ್ಚರ ಬೇಕಾದ ಒಂದು ಸ್ಥಳವಿದೆ. ಹದಿಮೂರನೆಯ ಅಕ್ಷರ 'ಸಿ'. ಅದು 'ಸಿಲಾ' ಎಂಬ ಪ್ರಾಕೃತ ಪದದ ಮೊದಲಕ್ಷರ. ಸಂಸ್ಕೃತದಲ್ಲಿ ಆ ಪದ 'ಶಿಲಾ'. ಸಂಸ್ಕೃತ ಬಲ್ಲ ಒಬ್ಬ ಲಿಪಿಕಾರನು ಶುದ್ಧಪಾಠ ಮಾಡುವ ಉತ್ಸಾಹದಲ್ಲಿ 'ಸ'ಕಾರವನ್ನು 'ಶ'ಕಾರವಾಗಿ ತಿದ್ದಿದನೆನ್ನಿ. ಅರ್ಥ ಕೆಡುವುದಿಲ್ಲ, ಛಂದಸ್ಸು ಕೆಡುವುದಿಲ್ಲ, ಕಿವಿಗೂ ಇಂಪಾಗಿಯೇ ಇರುತ್ತದೆ. ಆದರೆ 'ಸ' ಏಳು, 'ಶ' ಐದು. ಆ ಸ್ಥಾನದ ಬೆಲೆ ಒಂದು ಲಕ್ಷ ಕೋಟಿ. ಒಂದು ಅಕ್ಷರದ ತಿದ್ದುಪಡಿಯಿಂದ ಎರಡು ಲಕ್ಷ ಕೋಟಿ ಜೀವರು ಲೆಕ್ಕದಿಂದ ಬಿದ್ದುಹೋಗುತ್ತಾರೆ! ಪ್ರಾಕೃತವನ್ನು ಪ್ರಾಕೃತವಾಗಿಯೇ ಉಳಿಸಿದರೆ ಮಾತ್ರ ಬೀಗ ತೆರೆಯುತ್ತದೆ. ಹಾಗೆಯೇ 'ಖ' ಎಂಬ ಅಕ್ಷರವನ್ನು ಆಕಾಶವೆಂಬ ಅರ್ಥದಲ್ಲಿ ಹಿಡಿದು ಸೊನ್ನೆಯೆಂದು ಓದುವ ವಾಡಿಕೆ ಇನ್ನೊಂದು ಸಂಖ್ಯಾಪದ್ಧತಿಯಲ್ಲಿದೆ. ಇಲ್ಲಿ ಅದು ಎರಡು. ಪದ್ಧತಿಯನ್ನು ತಿಳಿಯದೆ ತಿದ್ದುವವನು ಹಾಳುಮಾಡುತ್ತಾನೆ.

ತಾಳೆ ನೋಡುವ ಕ್ರಮ

ಇಂತಹ ತಪ್ಪು ನುಸುಳಿದರೆ ಕಂಡುಹಿಡಿಯುವುದು ಹೇಗೆ? ಹಳೆಯ ವರ್ತಕರಿಗೆ ಗೊತ್ತಿದ್ದ ಒಂಬತ್ತರ ತಾಳೆ ಇಲ್ಲಿ ಸಾಕಷ್ಟು ದೂರ ಕೈಹಿಡಿಯುತ್ತದೆ. ಐದನೆಯ ವರ್ಗದ ಅಂಕಗಳನ್ನು ಕೂಡಿದರೆ 58. ಮತ್ತೆ ಕೂಡಿದರೆ 13. ಮತ್ತೆ ಕೂಡಿದರೆ 4. ಆರನೆಯ ವರ್ಗದ ಅಂಕಗಳ ಮೊತ್ತ 88, ಅದು 16, ಅದು 7. ನಾಲ್ಕನ್ನು ಏಳರಿಂದ ಗುಣಿಸಿದರೆ 28; ಅದು 10; ಅದು 1. ಈಗ ಗಾಥೆಯಿಂದ ಬಿಡಿಸಿದ 29 ಅಂಕಗಳನ್ನು ಕೂಡಿದರೆ 127, ಅದು 10, ಅದು 1. ತಾಳೆ ಸರಿಯಾಯಿತು. 'ಸ'ಕಾರವನ್ನು 'ಶ'ಕಾರ ಮಾಡಿದ್ದರೆ ಮೊತ್ತ 125 ಆಗಿ, ಕೊನೆಗೆ 8 ಉಳಿದು, ತಪ್ಪು ತಾನಾಗಿಯೇ ಹೊರಬೀಳುತ್ತಿತ್ತು.

ಒಂಬತ್ತರ ತಾಳೆಗೆ ಒಂದು ಕುಂದಿದೆ. ಪಕ್ಕಪಕ್ಕದ ಎರಡು ಅಂಕಗಳು ಅದಲುಬದಲಾದರೆ ಅದಕ್ಕೆ ತಿಳಿಯದು. ಅದಕ್ಕೆ ಹನ್ನೊಂದರ ತಾಳೆ ಬೇಕು. ಬಲಗಡೆಯಿಂದ ಬೆಸಸ್ಥಾನಗಳ ಅಂಕಗಳನ್ನು ಕೂಡಿದರೆ 79, ಸಮಸ್ಥಾನಗಳದು 48, ವ್ಯತ್ಯಾಸ 31, ಹನ್ನೊಂದರಿಂದ ಭಾಗಿಸಿದರೆ ಶೇಷ 9. ಅತ್ತ ಐದನೆಯ ವರ್ಗವನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 4, ಆರನೆಯದಕ್ಕೆ ಶೇಷ 5, ಗುಣಿಸಿದರೆ 20, ಹನ್ನೊಂದನ್ನು ಕಳೆದರೆ 9. ಇದೂ ಸರಿ. ಕಾಗದ, ಸೀಸದಕಡ್ಡಿ ಹಿಡಿದು ಕುಳಿತರೆ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಸಾವಿರ ವರ್ಷಗಳ ಹಿಂದೆ ಹೇಳಿದ 29 ಅಂಕಗಳಲ್ಲಿ ಒಂದೂ ಜಾರಿಲ್ಲವೆಂದು ತಿಳಿಯಲು ಯಾರ ಮಾತನ್ನೂ ನಂಬಬೇಕಾಗಿಲ್ಲ.

ಈ ಪರಂಪರೆಯಲ್ಲಿ ಕನ್ನಡದ ಪಾಲು ಸಣ್ಣದಲ್ಲ. ಗೊಮ್ಮಟಸಾರಕ್ಕೆ ಕೇಶವವರ್ಣಿಗಳು ಶಕ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ, 'ಜೀವತತ್ತ್ವಪ್ರದೀಪಿಕೆ' ಎಂಬ ಕನ್ನಡ ವೃತ್ತಿಯನ್ನು ಪೂರೈಸಿದರು. ಮುಂದೆ ಅದನ್ನು ಅನುಸರಿಸಿಯೇ ಸಂಸ್ಕೃತ ಟೀಕೆ ಹುಟ್ಟಿತೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟಿದ್ದಾರೆ. ಆ ಸಂಸ್ಕೃತ ಟೀಕೆಯ ಆಧಾರದ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷೆಯಲ್ಲಿ ವಿಸ್ತಾರವಾದ ವಿವರಣೆ ಬರೆದರು. ಬೆಳಗೊಳದ ಪ್ರಾಕೃತ, ಕನ್ನಡದ ವೃತ್ತಿ, ಸಂಸ್ಕೃತದ ಟೀಕೆ, ರಾಜಸ್ಥಾನದ ಭಾಷಾವಚನಿಕೆ: ನಾಲ್ಕು ಭಾಷೆಗಳ ಕೈಗಳನ್ನು ದಾಟಿ ಈ ಶಾಸ್ತ್ರ ಇಂದಿಗೆ ಬಂದಿದೆ.

ಸಂಖ್ಯೆಯ ಗುಣಗಳು

ಇನ್ನು ಸಂಖ್ಯೆಯ ಸ್ವಭಾವವನ್ನು ನೋಡಬಹುದು. ಇದರಲ್ಲಿ ಎರಡನ್ನು ಬಿಟ್ಟರೆ ಬೇರೆ ಅವಿಭಾಜ್ಯ ಅಪವರ್ತನವಿಲ್ಲ. ಆದ್ದರಿಂದ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 1, 2, 4, 8 ಎಂದು ಮೊದಲಾಗಿ ಈ ಸಂಖ್ಯೆಯವರೆಗೆ 97 ಮಾತ್ರ. ತನ್ನನ್ನು ಬಿಟ್ಟು ಉಳಿದ 96 ಭಾಜಕಗಳನ್ನು ಕೂಡಿದರೆ ಮೊತ್ತ ತನಗಿಂತ ಒಂದೇ ಒಂದು ಕಡಿಮೆ. ಭಾಜಕಗಳ ಮೊತ್ತ ಸಂಖ್ಯೆಗೆ ಸಮನಾದರೆ ಅದನ್ನು ಪರಿಪೂರ್ಣ ಸಂಖ್ಯೆಯೆನ್ನುತ್ತಾರೆ. 6 ಮತ್ತು 28 ಅಂತಹವು. ಈ ಮಹಾಸಂಖ್ಯೆ ಪರಿಪೂರ್ಣತೆಯ ಹೊಸ್ತಿಲಲ್ಲಿ ಒಂದು ಕಡಿಮೆಯಾಗಿ ನಿಂತಿದೆ.

ಇದು ಪೂರ್ಣ ವರ್ಗ, ಮೂಲ 28,14,74,97,67,10,656. ಇದು ಪೂರ್ಣ ಘನವೂ ಹೌದು. ಘನಮೂಲ ಐದನೆಯ ವರ್ಗವೇ, ಅಂದರೆ 4,29,49,67,296. ನಾಲ್ಕನೆಯ ವರ್ಗವಾದ 65,536ನ್ನು ಆರು ಬಾರಿ ಇಟ್ಟು ಗುಣಿಸಿದರೂ ಇದೇ ಬರುತ್ತದೆ. 96ಕ್ಕೆ ಹನ್ನೆರಡು ಭಾಜಕಗಳಿರುವುದರಿಂದ ಇಷ್ಟೊಂದು ಬಗೆಯಲ್ಲಿ ಇದನ್ನು ಸಮಗುಣಿತಗಳಾಗಿ ಒಡೆಯಲು ಸಾಧ್ಯ.

ಇನ್ನೊಂದು ಗುಣ ಮನಸ್ಸನ್ನು ಹಿಡಿಯುತ್ತದೆ. ಈ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಉಳಿಯುವುದು ಒಂದು. 5ರಿಂದ ಭಾಗಿಸಿದರೂ ಒಂದು. 7, 9, 13, 17 ಇವುಗಳಿಂದ ಭಾಗಿಸಿದರೂ ಒಂದೇ. ತನ್ನ ಭಾಜಕಗಳ ಸಂಖ್ಯೆಯಾದ 97ರಿಂದ ಭಾಗಿಸಿದರೂ ಒಂದೇ ಉಳಿಯುತ್ತದೆ. ಕೊನೆಯದು 1640ರಲ್ಲಿ ಫ್ರಾನ್ಸಿನ ಫರ್ಮಾ ಹೇಳಿದ ನಿಯಮದ ಫಲ: 97 ಅವಿಭಾಜ್ಯವಾದ್ದರಿಂದ, ಎರಡನ್ನು 96 ಬಾರಿ ಇಟ್ಟು ಗುಣಿಸಿ 97ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಈ ಸಂಖ್ಯೆಗಳಲ್ಲಿ ಯಾವುದರಂತೆ ಗುಂಪು ಮಾಡಿದರೂ ಕೊನೆಗೆ ಒಂಟಿಯಾಗಿ ಒಬ್ಬನು ಉಳಿಯುತ್ತಾನೆ. ಕರ್ಮದ ಲೆಕ್ಕವನ್ನು ಜೀವನು ಒಬ್ಬನೇ ತೀರಿಸಬೇಕೆಂಬ ಏಕತ್ವಭಾವನೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಅದು ಭಾವುಕನ ನೆನಪು ಮಾತ್ರ, ಗಣಿತದ ಪ್ರಮಾಣವಲ್ಲ.

ನಾಲ್ಕರಿಂದ ನಿಶ್ಶೇಷವಾಗಿ ಒಡೆಯುವ ಗುಣವನ್ನು ಗ್ರಂಥವೇ ಬಳಸಿಕೊಂಡಿದೆ. ಪರ್ಯಾಪ್ತ ಮನುಷ್ಯರ ನಾಲ್ಕನೆಯ ಮೂರು ಭಾಗ ಮನುಷ್ಯಿನಿಯರೆಂದು ಮುಂದಿನ ಗಾಥೆ ಹೇಳುತ್ತದೆ. ಆ ಲೆಕ್ಕದಂತೆ ಅದು 59,42,11,21,88,56,98,25,31,95,15,79,62,752. ಅರ್ಧ, ಕಾಲು ಎಂದು ಯಾವ ಜೀವವೂ ಒಡೆಯದೆ ಭಾಗ ಸರಿಯಾಗಿ ಬರುತ್ತದೆ.

ದೊಡ್ಡ ಸಂಖ್ಯೆಗಳ ಸೊಬಗಿನಲ್ಲಿ ಮನಸ್ಸಿಡುವುದು ಕರ್ನಾಟಕದ ಜೈನ ಗಣಿತಜ್ಞರ ಹಳೆಯ ವಾಡಿಕೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 2,79,94,681ನ್ನು 441ರಿಂದ ಗುಣಿಸಿ 12345654321 ಎಂಬ ಫಲವನ್ನು ತೋರಿಸಿದ್ದಾರೆ; ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆ. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ ಬರುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ದ ಮೂಲಕ ಈ ವಿದ್ಯೆಯನ್ನು ಕನ್ನಡದಲ್ಲಿ ಅಂಗಡಿ, ಹೊಲಗಳವರೆಗೆ ತಂದನು.

ಕಾಳುಮೆಣಸಿನ ಅಳತೆ

29 ಸ್ಥಾನಗಳೆಂದರೆ ಎಷ್ಟೆಂಬುದು ಮನಸ್ಸಿಗೆ ಸುಲಭವಾಗಿ ಹತ್ತುವುದಿಲ್ಲ. ಸಕಲೇಶಪುರ, ಆಲೂರುಗಳ ತೋಟದ ಮರಗಳಿಗೆ ಹಬ್ಬಿದ ಬಳ್ಳಿಯಿಂದ ಒಂದು ಒಣಗಿದ ಮೆಣಸಿನ ಕಾಳನ್ನು ತೆಗೆದುಕೊಳ್ಳೋಣ. ಒಂದು ಗ್ರಾಮಿಗೆ 20 ಕಾಳು ಎಂದು ಹಿಡಿದು, ಪ್ರತಿಸಲವೂ ರಾಶಿಯನ್ನು ಇಮ್ಮಡಿಸುತ್ತ ಹೋದರೆ ಏನಾಗುತ್ತದೆ?

ಹತ್ತು ಸಲ ಇಮ್ಮಡಿಸಿದಾಗ 1,024 ಕಾಳು. ತೂಕ ಸುಮಾರು 51 ಗ್ರಾಂ, ಒಂದು ಬೊಗಸೆಗೂ ಸಾಲದು. ಇಪ್ಪತ್ತು ಸಲಕ್ಕೆ 10,48,576 ಕಾಳು; ಸುಮಾರು 52 ಕಿಲೋ, ಒಂದು ಚೀಲ. ಮೂವತ್ತು ಸಲಕ್ಕೆ ಸುಮಾರು 54 ಟನ್, ಐದಾರು ಲಾರಿಗಳ ಹೇರು. ನಲವತ್ತು ಸಲಕ್ಕೆ ಸುಮಾರು 55 ಸಾವಿರ ಟನ್. ಇಷ್ಟರಲ್ಲೇ ಮಲೆನಾಡಿನ ಯಾವ ಮಂಡಿಯ ಉಗ್ರಾಣವೂ ಸಾಲದಾಗುತ್ತದೆ. ಇನ್ನೂ 56 ಸಲ ಇಮ್ಮಡಿಸುವುದು ಬಾಕಿಯಿದೆ. ತೊಂಬತ್ತಾರನೆಯ ಸಲಕ್ಕೆ ಬರುವ ರಾಶಿಯ ತೂಕ ಈ ಇಡೀ ಭೂಮಿಯ ತೂಕದ ಮೂರರಲ್ಲಿ ಎರಡು ಪಾಲಿನಷ್ಟು!

ಆರಂಭದಲ್ಲಿ ಬೊಗಸೆ, ಕೊನೆಯಲ್ಲಿ ಭೂಗೋಲ. ಇಮ್ಮಡಿಸುವುದರ ಈ ಶಕ್ತಿಯನ್ನು ಚಕ್ರಬಡ್ಡಿಯ ಸಾಲ ಮಾಡಿದ ಬೆಳೆಗಾರನೂ ಕೊಟ್ಟ ಸಾಹುಕಾರನೂ ಅನುಭವದಿಂದ ಬಲ್ಲರು. ಲೋಭವೂ ಹೀಗೆಯೇ ಬೆಳೆಯುತ್ತದೆ. ಮೊದಲ ಹತ್ತು ಹೆಜ್ಜೆಗಳಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂಬ ಅಣುವ್ರತ ಮೊದಲ ಹೆಜ್ಜೆಯಲ್ಲೇ ಮಿತಿಯನ್ನು ಕೇಳುತ್ತದೆ. ಏಕೆಂದರೆ ನಲವತ್ತನೆಯ ಹೆಜ್ಜೆಯಲ್ಲಿ ಕೇಳಿ ಪ್ರಯೋಜನವಿಲ್ಲ.

ಇಂದಿನ ಯಂತ್ರಗಳಲ್ಲಿ

ಎರಡರ ವರ್ಗಮಾಲೆ ಇಂದು ಮತ್ತೆ ಬಳಕೆಗೆ ಬಂದಿದೆ. ಗಣಕಯಂತ್ರಕ್ಕೆ ಎರಡೇ ಅಂಕಗಳು, ಸೊನ್ನೆ ಮತ್ತು ಒಂದು. ಆದ್ದರಿಂದ ಅದರ ಅಳತೆಗಳೆಲ್ಲ ಎರಡರ ಗುಣಿತಗಳು. ಅಂತರಜಾಲದ ಹಳೆಯ ವಿಳಾಸಪದ್ಧತಿಯಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು ಆಗಮದ ಐದನೆಯ ವರ್ಗದಷ್ಟು. ಅವು ಸಾಲದೆ ಬಂದ ಹೊಸ ಪದ್ಧತಿಯಲ್ಲಿ ಏಳನೆಯ ವರ್ಗದಷ್ಟು. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ಎಂಬ ತಂತ್ರಾಂಶ ವ್ಯವಸ್ಥೆಯಲ್ಲಿ ಹಣಕಾಸಿನ ಲೆಕ್ಕಗಳಿಗೆಂದು 'ಡೆಸಿಮಲ್' ಎಂಬ ಸಂಖ್ಯಾಪ್ರಕಾರವಿದೆ. ಅದರಲ್ಲಿ ಬರೆಯಬಹುದಾದ ಅತ್ಯಂತ ದೊಡ್ಡ ಸಂಖ್ಯೆ ಗೊಮ್ಮಟಸಾರದ ಸಂಖ್ಯೆಗಿಂತ ಒಂದೇ ಒಂದು ಕಡಿಮೆ. ಕೊನೆಯ ಅಂಕ ಆರರ ಬದಲು ಐದು. ಅಂಕಿಗಳನ್ನು ಇಡಲು 96 ಮನೆಗಳನ್ನು ಕೊಟ್ಟಿರುವುದೇ ಇದಕ್ಕೆ ಕಾರಣ. ಪ್ರಾಚೀನರು ಗಣಕಯಂತ್ರವನ್ನು ಕಂಡಿದ್ದರೆಂದು ಇದರಿಂದ ಹೇಳುವಂತಿಲ್ಲ. ಎರಡೆರಡಾಗಿ ಒಡೆಯುವ ಮಾರ್ಗ ಹಿಡಿದವರಿಗೆ ಯಾವ ಕಾಲದಲ್ಲಾದರೂ ಅದೇ ಮೈಲಿಗಲ್ಲುಗಳು ಸಿಗುತ್ತವೆ ಎಂದಷ್ಟೇ ಹೇಳಬಹುದು.

ಮರೆಮಾಡಬಾರದ ವ್ಯತ್ಯಾಸ

ಒಂದು ಪ್ರಶ್ನೆಯನ್ನು ಇಲ್ಲಿ ಎತ್ತದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಗೆ ಎರಡು ಜೊತೆ ಎಲ್ಲೆಗಳನ್ನು ಹೇಳಿದೆ. ಒಂದು, ಆರನೆಯ ವರ್ಗಕ್ಕೆ ಮೇಲೆ, ಏಳನೆಯ ವರ್ಗಕ್ಕೆ ಕೆಳಗೆ. ಇನ್ನೊಂದು, ಕೋಟಿಯನ್ನು ಮೂರು ಬಾರಿ ಇಟ್ಟು ಗುಣಿಸಿದ್ದಕ್ಕೆ ಮೇಲೆ, ನಾಲ್ಕು ಬಾರಿ ಇಟ್ಟು ಗುಣಿಸಿದ್ದಕ್ಕೆ ಕೆಳಗೆ. ಗಾಥೆಯ ಸಂಖ್ಯೆ ಮೊದಲ ಎಲ್ಲೆಯೊಳಗೆ ಸರಿಯಾಗಿ ಕೂರುತ್ತದೆ. ಆದರೆ ಕೋಟಿಯನ್ನು ನಾಲ್ಕು ಬಾರಿ ಇಟ್ಟು ಗುಣಿಸಿದರೆ ಒಂದರ ಮುಂದೆ 28 ಸೊನ್ನೆಗಳು. ಗಾಥೆಯ ಸಂಖ್ಯೆ ಅದರ ಸುಮಾರು ಎಂಟು ಪಟ್ಟು. ಎರಡನೆಯ ಎಲ್ಲೆಯನ್ನು ಅದು ದಾಟುತ್ತದೆ.

ಶ್ರದ್ಧಾವಂತರು ಈ ವ್ಯತ್ಯಾಸವನ್ನು ಕಂಡು ಗಾಬರಿಪಡಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ರೋಕಡಿಗೂ ಖಾತೆಗೂ ತಾಳೆಯಾಗದಿದ್ದಾಗ ಒಳ್ಳೆಯ ಗುಮಾಸ್ತನು ಅಂಕಿಯನ್ನು ಅಳಿಸಿ ಬರೆಯುವುದಿಲ್ಲ. ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಗುರುತುಹಾಕಿ ಯಜಮಾನನಿಗೆ ತೋರಿಸುತ್ತಾನೆ. ಆಗಮದ ಪಾಠವನ್ನೂ ಗಾಥೆಯ ಪಾಠವನ್ನೂ ಹೊಂದಿಸಲು ಯಾವುದಾದರೊಂದನ್ನು ತಿದ್ದದೆ, ಎರಡನ್ನೂ ಇದ್ದಂತೆಯೇ ಕೈಬದಲಾಯಿಸಿದ ಲಿಪಿಕಾರರು ದೊಡ್ಡವರು. ಅವರ ಈ ಸಂಯಮದಿಂದಲೇ ಇಂದಿನ ಓದುಗನಿಗೆ ಪ್ರಶ್ನೆ ಕೇಳುವ ಅವಕಾಶ ಉಳಿದಿದೆ.

ಎಣಿಕೆಯ ಅರ್ಥ

ಈ ಸಂಖ್ಯೆ ಇಂದಿನ ಜನಗಣತಿಯಲ್ಲವೆಂಬುದು ಸ್ಪಷ್ಟ. 2022ರ ನವೆಂಬರಿನಲ್ಲಿ ಪ್ರಪಂಚದ ಜನಸಂಖ್ಯೆ 800 ಕೋಟಿಯನ್ನು ತಲುಪಿತೆಂದು ವಿಶ್ವಸಂಸ್ಥೆ ಸಾರಿತು. ಅರ್ಧಚ್ಛೇದದ ಭಾಷೆಯಲ್ಲಿ ಅದು 33ಕ್ಕೆ ಸ್ವಲ್ಪ ಕಡಿಮೆ, ಗಾಥೆಯದು 96. ಶಾಸ್ತ್ರವು ಎಣಿಸಿದ್ದು ಎರಡೂವರೆ ದ್ವೀಪಗಳ ಮನುಷ್ಯಲೋಕವನ್ನು. ಆ ಲೋಕವಿವರಣೆಯನ್ನು ಭೂಗೋಳದ ಪಾಠದೊಡನೆ ಬೆರೆಸಿದರೆ ಎರಡಕ್ಕೂ ನ್ಯಾಯ ಸಲ್ಲದು.

ಹಾಗಾದರೆ ಈ ಎಣಿಕೆಯ ತಾತ್ಪರ್ಯವೇನು? ಜೈನ ಶಾಸ್ತ್ರ ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ವಿಂಗಡಿಸುತ್ತದೆ. ಏಕೇಂದ್ರಿಯ ಜೀವರು ಅನಂತ. ನಾರಕರು, ದೇವತೆಗಳು ಅಸಂಖ್ಯಾತ. ಅಪರ್ಯಾಪ್ತರನ್ನೂ ಸೇರಿಸಿದರೆ ಮನುಷ್ಯರೂ ಅಸಂಖ್ಯಾತರೇ. ಸಂಯಮವನ್ನು ಸಾಧಿಸಬಲ್ಲ ಪರ್ಯಾಪ್ತ ಮನುಷ್ಯರು ಮಾತ್ರ ಸಂಖ್ಯಾತರು. ಅವರ ಸಂಖ್ಯೆಗೆ ಕೊನೆಯಿದೆ. ಭೂಮಿಯ ತೂಕಕ್ಕೆ ಹೋಲಿಸಬೇಕಾದಷ್ಟು ದೊಡ್ಡ ಸಂಖ್ಯೆಯಾದರೂ ಅದು ಒಂದು ಗಾಥೆಯಲ್ಲಿ ಮುಗಿದುಹೋಗುತ್ತದೆ. ಅನಂತದ ಮುಂದೆ ಅದು ಬೊಗಸೆಯ ಕಾಳು. ಮನುಷ್ಯಜನ್ಮ ದುರ್ಲಭವೆಂದು ಉಪದೇಶಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತನ್ನು ಆಚಾರ್ಯರು ಇಲ್ಲಿ ಅಂಕಗಳಲ್ಲಿ ಬರೆದು ತೋರಿಸಿದ್ದಾರೆ.

ಎಣಿಕೆಯ ಶುದ್ಧಿ ಧರ್ಮದ ಹೊರಗಿನ ವಿಷಯವಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಕಲಬೆರಕೆಯನ್ನೂ ಸೇರಿಸಿದೆ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಟ್ಟವನು ಕನ್ನ ಹಾಕದೆಯೇ ಕಳ್ಳನಾಗುತ್ತಾನೆ. ಪೂರ್ವಿಕರ ವಿದ್ಯೆಯನ್ನು ತೂಗುವಾಗಲೂ ಇದೇ ನಿಯಮ. ತಮ್ಮವರದನ್ನು ಹೆಚ್ಚು ತೂಗಿ ಪರರದನ್ನು ಕಡಿಮೆ ತೂಗಿದರೆ ಅದೂ ಅತಿಚಾರವೇ. ತಾಳೆ ನೋಡದೆ ಹೊಗಳುವುದು ಭಕ್ತಿಯಂತೆ ಕಂಡರೂ, ಆಚಾರ್ಯರು ಬಯಸಿದ್ದು ಅದನ್ನಲ್ಲ. ಬಯಸಿದ್ದರೆ 'ಅಪಾರ' ಎಂಬ ಒಂದು ಪದ ಅವರಿಗೆ ಸಾಕಾಗುತ್ತಿತ್ತು. 29 ಅಂಕಗಳನ್ನು ಒಂದೊಂದಾಗಿ ಜೋಡಿಸಬೇಕಾಗಿರಲಿಲ್ಲ.

ಪಾಠಶಾಲೆಯ ಮಕ್ಕಳಿಗೆ ಈ ಗಾಥೆಯನ್ನು ಬಾಯಿಪಾಠ ಮಾಡಿಸುವ ಹಿರಿಯರು, ಅದರ ಜೊತೆಗೆ ಒಂದು ಹಾಳೆ ಕಾಗದವನ್ನೂ ಕೊಟ್ಟು ಗುಣಿಸಿ ನೋಡಲು ಹೇಳಿದರೆ ಒಳ್ಳೆಯದು. ಅಕ್ಷರವನ್ನು ಅಂಕವಾಗಿಸಿ, ಒಂಬತ್ತರ ತಾಳೆಯಲ್ಲಿ ಒಂದು ಉಳಿದುದನ್ನು ಕಂಡ ಮಗುವಿಗೆ ಸತ್ಯವೆಂಬುದು ಪರೀಕ್ಷೆಗೆ ಅಂಜದ ವಸ್ತುವೆಂಬ ಪಾಠವೂ ಅದರೊಡನೆಯೇ ದೊರೆಯುತ್ತದೆ.